ಕ್ಯಾಮರಾ ಲೆನ್ಸು ಬಿಚ್ಚುವ ಮುನ್ನ

ಊರು ಬಿಟ್ಟು ಬಂದು ಈ ಪಟ್ಟಣದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ, ಬೀರುವಿನ ಮೇಲಿನ ಅರೆಯಲ್ಲೋ ಅಟ್ಟದ ಟ್ರಂಕಿನಲ್ಲೋ, ಒಂದು ಹಳೆಯ ಕ್ಯಾಮರಾ ಇರುವುದುಂಟು. ಕೆಲವರದು ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್. ಕೆಲವರದು ರಷ್ಯದ ಜೆನಿಟ್. ಇನ್ನು ಕೆಲವು ಅದೃಷ್ಟವಂತರದು ಜಪಾನಿನ ಯಾಶಿಕಾ ಅಥವಾ ಪೆಂಟಾಕ್ಸ್. ಅಜ್ಜನ ಷಷ್ಟ್ಯಬ್ದಿ, ಅತ್ತೆಯ ಮದುವೆ, ತಮ್ಮನ ಮುಂಜಿ, ಊರ ತೇರು, ಎಲ್ಲವನ್ನೂ ಕಂಡ ಕಣ್ಣು ಅದು. ಮನೆಯ ಆಲ್ಬಮ್ಮಿನಲ್ಲಿರುವ ಅರ್ಧಕ್ಕರ್ಧ ಮುಖಗಳು ಅದರೊಳಗಿಂದಲೇ ಹಾದು ಬಂದವು.

ಇತ್ತೀಚೆಗೆ ಮಕ್ಕಳಿಗೆ ಇಂತಹ ಹಳೆಯ ಕ್ಯಾಮರಾಗಳ ಮೇಲೆ ಹೊಸ ಪ್ರೀತಿ ಹುಟ್ಟಿದೆ. ಒಂದು ಲೋಹದ ಬಳೆಯಂತಹ ಅಡಾಪ್ಟರನ್ನು ನಡುವೆ ಕೂಡಿಸಿದರೆ, ಜೆನಿಟ್ಟಿನ ಲೆನ್ಸು ಇಂದಿನ ಡಿಜಿಟಲ್ ಕ್ಯಾಮರಾದ ಮೇಲೂ ಕೂತು ಕೆಲಸ ಮಾಡುತ್ತದೆ. ಆಸೆಯಿಂದ ಅಟ್ಟದಿಂದ ಇಳಿಸಿ ಬೆಳಕಿಗೆ ಹಿಡಿದು ನೋಡಿದರೆ, ಗಾಜಿನೊಳಗೆ ಜೇಡರ ಬಲೆಯಂತೆ ಬಿಳಿಯ ಎಳೆಗಳು ಕಾಣುತ್ತವೆ. ಅದೇ ಬೂಷ್ಟು.

ಸಮುದ್ರದ ದಂಡೆಯ ಊರಿನಲ್ಲಿ ಇದು ಆಶ್ಚರ್ಯವಲ್ಲ. ಚೆನ್ನೈಯ ಗಾಳಿಯಲ್ಲಿ ವರ್ಷದ ಬಹುಕಾಲ ತೇವ ಹೆಚ್ಚು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಬಂದಾಗಲಂತೂ ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸಿನ ಮೇಲೆ ಬೆಳೆದ ಬೂಷ್ಟು ಆಮ್ಲವನ್ನು ಒಸರಿಸಿ, ಗಾಜಿನ ಮೇಲಿನ ತೆಳುವಾದ ಲೇಪವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ಬೇಗ ಒರೆಸಿದರೆ ಗುರುತಿಲ್ಲದೆ ಹೋಗುತ್ತದೆ. ತಡವಾದರೆ ಬೂಷ್ಟು ಹೋದರೂ ಅದರ ಗಾಯ ಉಳಿಯುತ್ತದೆ. ಆದುದರಿಂದ ಲೆನ್ಸನ್ನು ಬಿಚ್ಚಲೇಬೇಕಾದ ಸಂದರ್ಭ ಬರುತ್ತದೆ. ಹಳೆಯ ಲೆನ್ಸುಗಳನ್ನು ಬಲ್ಲ ರಿಪೇರಿಗಾರರೋ ಈಗ ವಿರಳ. ಇದ್ದವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ.

ಆಗ ಮನೆಯ ಉತ್ಸಾಹಿಯೊಬ್ಬರು ಅಡಿಗೆಮನೆಯ ಡ್ರಾಯರಿನಿಂದ ಒಂದು ಸ್ಕ್ರೂಡ್ರೈವರನ್ನು ಹೆಕ್ಕಿ ತರುತ್ತಾರೆ. ಅನರ್ಥ ಶುರುವಾಗುವುದು ಇಲ್ಲಿಂದಲೇ. ಬೂಷ್ಟು ಹಿಡಿದ ಲೆನ್ಸನ್ನು ಬಲ್ಲವರು ಸರಿಪಡಿಸಿಯಾರು. ಆದರೆ ತಲೆ ಸವೆದುಹೋದ ಸ್ಕ್ರೂ ಇರುವ ಲೆನ್ಸಿನೊಳಕ್ಕೆ ಅವರಿಗೂ ದಾರಿ ಸಿಕ್ಕುವುದು ಕಷ್ಟ. ತಪ್ಪು ಸಲಕರಣೆ ಬಾಗಿಲಿನ ಬೀಗವನ್ನೇ ಕೆಡಿಸಿಬಿಡುತ್ತದೆ. ಈ ಕೆಲಸಕ್ಕೆ ಕೈಹಾಕುವವರಿಗೆ ಯಾವ ಸಲಕರಣೆ ಬೇಕು, ಯಾವುದು ಬೇಡ, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ನಾವು ತಿಳಿದಮಟ್ಟಿಗೆ ಇಲ್ಲಿ ಹೇಳಬಯಸುತ್ತೇವೆ.

ಈ ಊರಿಗೂ ಲೆನ್ಸಿಗೂ

ಮದರಾಸಿಗೆ ಲೆನ್ಸಿನ ಪರಿಚಯ ಹೊಸತಲ್ಲ. ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ 1854ರ ಕೊನೆಯಲ್ಲಿ ಮೈಸೂರು ಸೀಮೆಗೆ ಹೋಗಿ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರ ತೆಗೆದನು. ಅವು 1855ರಲ್ಲಿ ಮದರಾಸಿನ ವಸ್ತುಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದವು. ಹೊಯ್ಸಳರ ಶಿಲ್ಪ ಈ ಊರಿಗೆ ಲೆನ್ಸಿನ ಮೂಲಕ ಬಂದು ನೂರ ಅರುವತ್ತು ವರ್ಷಗಳ ಮೇಲಾಯಿತು. ಮುಂದೆ ಕನ್ನಡ ಚಲನಚಿತ್ರಗಳೂ ದಶಕಗಳ ಕಾಲ ಹೆಚ್ಚಾಗಿ ಇಲ್ಲಿಯ ಕೋಡಂಬಾಕ, ವಡಪಳನಿಗಳ ಸ್ಟುಡಿಯೋಗಳಲ್ಲಿಯೇ ತಯಾರಾದವು. ಆ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಕುಟುಂಬಗಳು ಎಷ್ಟೋ.

ಹಳೆಯ ಕ್ಯಾಮರಾ, ಬಿಡಿಭಾಗಗಳಿಗೆ ಆಗ ಎಲ್ಲರೂ ಹೋಗುತ್ತಿದ್ದುದು ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಮೂರ್ ಮಾರ್ಕೆಟ್ಟಿಗೆ. 1900ರಲ್ಲಿ ತೆರೆದ ಆ ಕೆಂಪು ಕಟ್ಟಡ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂದು ಆ ಜಾಗದಲ್ಲಿ ಲೋಕಲ್ ರೈಲುಗಳ ನಿಲ್ದಾಣವಿದೆ. ಹೆಸರು ಮಾತ್ರ ಉಳಿದಿದೆ.

ಸ್ಕ್ರೂ ನೋಡಿ ಸ್ಕ್ರೂಡ್ರೈವರ್

ಸಲಕರಣೆಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ ಸ್ಕ್ರೂಡ್ರೈವರ್. ಕೊಳ್ಳುವ ಮುನ್ನ ಲೆನ್ಸು ಯಾವ ದೇಶದ್ದೆಂದು ನೋಡಬೇಕು. ಜರ್ಮನಿಯ ಮತ್ತು ರಷ್ಯದ ಹಳೆಯ ಲೆನ್ಸುಗಳಲ್ಲಿ ಸಾಧಾರಣವಾಗಿ ಒಂಟಿ ಗೀರಿನ ಸ್ಕ್ರೂಗಳು; ಜಪಾನಿನವುಗಳಲ್ಲಿ ಹೆಚ್ಚಾಗಿ ನಾವು ಸ್ಟಾರ್ ಸ್ಕ್ರೂ ಎನ್ನುವ ಅಡ್ಡಗೀರಿನ ಸ್ಕ್ರೂಗಳು.

ಈ ಸ್ಟಾರ್ ಸ್ಕ್ರೂವಿನಲ್ಲಿ ಒಂದು ಗುಟ್ಟಿದೆ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಅದರಲ್ಲಿ ಎರಡು ಜಾತಿ. ಒಂದು, ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬವರು 1936ರಲ್ಲಿ ಪೇಟೆಂಟ್ ಪಡೆದ ಫಿಲಿಪ್ಸ್ ಜಾತಿ. ಇನ್ನೊಂದು, ಜಪಾನಿನ ಕೈಗಾರಿಕಾ ಮಾನದಂಡದ, ಅಂದರೆ ಜೆ.ಐ.ಎಸ್. ಜಾತಿ. ಫಿಲಿಪ್ಸ್ ಡ್ರೈವರಿನ ತುದಿಯಲ್ಲಿ ರೆಕ್ಕೆಗಳು ಕೂಡುವ ಮೂಲೆ ಹೆಚ್ಚು ದುಂಡಗಿರುತ್ತದೆ. ಆದುದರಿಂದ ಅದು ಜಪಾನಿನ ಸ್ಕ್ರೂವಿನೊಳಗೆ ಪೂರ್ತಿ ಇಳಿಯದೆ ಮೇಲೆಮೇಲೆಯೇ ಕೂರುತ್ತದೆ. ಬಲ ಬಿದ್ದೊಡನೆ ಜಾರಿ ಮೇಲಕ್ಕೆದ್ದು, ಸ್ಕ್ರೂವಿನ ತಲೆಯನ್ನು ಕೊರೆದು ಬಟ್ಟಲಿನಂತೆ ಮಾಡಿಬಿಡುತ್ತದೆ. ಜಪಾನೀ ಕ್ಯಾಮರಾಗಳ ಸ್ಕ್ರೂಗಳು ಹಾಳಾಗಿರುವುದಕ್ಕೆ ಬಹುಪಾಲು ಇದೇ ಕಾರಣ. ಜೆ.ಐ.ಎಸ್. ಡ್ರೈವರಾದರೆ ಜಪಾನಿನ ಸ್ಕ್ರೂವಿಗೂ ಹಿಡಿಸುತ್ತದೆ, ಫಿಲಿಪ್ಸ್ ಸ್ಕ್ರೂವಿಗೂ ಸಾಮಾನ್ಯವಾಗಿ ಒಗ್ಗುತ್ತದೆ. ಸೊನ್ನೆ, ಎರಡು ಸೊನ್ನೆ, ಮೂರು ಸೊನ್ನೆ ಎಂದು ಗುರುತಿಸುವ ಮೂರು ಅಳತೆಗಳಿದ್ದರೆ ಮನೆಕೆಲಸಕ್ಕೆ ಸಾಕು.

ಒಂಟಿ ಗೀರಿನವಕ್ಕೆ 0.8ರಿಂದ 2 ಮಿಲಿಮೀಟರಿನವರೆಗೆ ನಾಲ್ಕೈದು ಅಳತೆಯವು ಬೇಕು. ಇಲ್ಲಿ ಗಡಿಯಾರ ರಿಪೇರಿಯವರ ಡ್ರೈವರುಗಳೇ ಒದಗುತ್ತವೆ. ಎಚ್‌.ಎಂ.ಟಿ.ಯವರು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಮೇಲೆ ಆ ವಿದ್ಯೆ ಕಲಿತ ಕೈಗಳು ನಮ್ಮಲ್ಲಿ ಬಹಳ ಇದ್ದವು. ನಿಮ್ಮ ನೆಂಟರಲ್ಲಿ ಅಂತಹ ಹಿರಿಯರೊಬ್ಬರಿದ್ದರೆ ಅವರ ಪೆಟ್ಟಿಗೆಯನ್ನು ಒಮ್ಮೆ ಕೇಳಿ ನೋಡಿರಿ. ತಲೆಯ ಮೇಲೆ ಬೆರಳಿಟ್ಟುಕೊಳ್ಳಲು ಸುಲಭವಾಗಿ ತಿರುಗುವ ಟೋಪಿ ಇರುವ ಡ್ರೈವರೇ ಲೇಸು. ತೋರುಬೆರಳಿನಿಂದ ಒತ್ತಿ, ಹೆಬ್ಬೆರಳು ನಡುಬೆರಳುಗಳಿಂದ ತಿರುಗಿಸಬಹುದು.

ಡ್ರೈವರು ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆಯುಂಟು. ತುದಿಯನ್ನು ಸ್ಕ್ರೂವಿನಲ್ಲಿ ಇಟ್ಟು ಮೆಲ್ಲಗೆ ಅಲುಗಿಸಿ ನೋಡಿರಿ, ಅತ್ತಿತ್ತ ಆಡಬಾರದು. ಒಂಟಿ ಗೀರಿನದಾದರೆ ಅಲಗು ಗೀರಿನ ಉದ್ದಕ್ಕೂ ತುಂಬಿರಬೇಕು, ತಲೆಯಿಂದ ಹೊರಗೆ ಚಾಚಿರಬಾರದು. ದಪ್ಪವೂ ಗೀರಿಗೆ ಸರಿಯಾಗಿರಬೇಕು. ಆಮೇಲೆ ತಿರುಗಿಸುವಾಗ, ತಿರುಗಿಸುವ ಬಲಕ್ಕಿಂತ ಕೆಳಗೆ ಒತ್ತುವ ಬಲ ಹೆಚ್ಚಾಗಿರಬೇಕು. ಇಷ್ಟರಲ್ಲೂ ಸ್ಕ್ರೂ ಮಿಸುಕದಿದ್ದರೆ ಹಟ ಹಿಡಿಯಬೇಡಿರಿ. ಕಾರ್ಖಾನೆಯಲ್ಲಿ ಸ್ಕ್ರೂ ಸಡಿಲವಾಗದಿರಲೆಂದು ಅರಗಿನಂತಹ ಬಣ್ಣ ಹಚ್ಚಿರುತ್ತಾರೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಅಸಿಟೋನ್ ಮುಟ್ಟಿಸಿ ಹತ್ತು ನಿಮಿಷ ಕಾದರೆ ಅದು ಮೆತ್ತಗಾಗುತ್ತದೆ. ಪ್ಲಾಸ್ಟಿಕ್ಕಿನ ಹತ್ತಿರ ಮಾತ್ರ ಅಸಿಟೋನ್ ಕೂಡದು, ಕರಗಿಸಿಬಿಡುತ್ತದೆ.

ಎರಡು ಕಾಲಿನ ಸ್ಪ್ಯಾನರು

ಲೆನ್ಸಿನ ಗಾಜುಗಳನ್ನು ಅದುಮಿ ಹಿಡಿದಿರುವುದು ಸ್ಕ್ರೂಗಳಲ್ಲ, ತೆಳುವಾದ ಲೋಹದ ಬಳೆಗಳು. ಬಳೆಯಲ್ಲಿ ಎದುರುಬದುರಾಗಿ ಎರಡು ಕಚ್ಚುಗಳೋ ಎರಡು ಸಣ್ಣ ತೂತುಗಳೋ ಇರುತ್ತವೆ. ಇವನ್ನು ತಿರುಗಿಸಲು ಲೆನ್ಸ್ ಸ್ಪ್ಯಾನರ್ ಎಂಬ ಎರಡು ಕಾಲಿನ ಸಲಕರಣೆ ಬೇಕು. ಕಾಲುಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡಿ ತಿರುಪಿನಿಂದ ಬಿಗಿಯಬಹುದು.

ಬಹಳ ಮಂದಿ ಈ ಒಂದನ್ನು ಉಳಿಸಲು ಹೋಗಿ ಹೆಚ್ಚು ಕಳೆದುಕೊಳ್ಳುತ್ತಾರೆ. ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೈವಾರ, ಮೊನೆ ಸಾಣೆ ಹಿಡಿದ ಕತ್ತರಿ, ಮೂಗಿನುದ್ದದ ಇಕ್ಕಳ, ಎಲ್ಲವನ್ನೂ ಪ್ರಯೋಗಿಸುತ್ತಾರೆ. ಕೈವಾರದ ಕಾಲು ಬಲ ಬಿದ್ದೊಡನೆ ಅಗಲುತ್ತದೆ. ಮೊನೆ ಕಚ್ಚಿನಿಂದ ಜಾರಿ ನೇರವಾಗಿ ಗಾಜಿನ ಮೇಲೆ ಗೀಚುತ್ತದೆ. ಆ ಗೀಚನ್ನು ಅಳಿಸುವ ವಿದ್ಯೆ ಯಾರ ಮನೆಯಲ್ಲೂ ಇಲ್ಲ.

ಸ್ಪ್ಯಾನರು ಕೊಳ್ಳುವಾಗ ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು. ಒಂದು, ಕಾಲುಗಳನ್ನು ಹಿಡಿದಿರುವ ಸರಳು ಎರಡಾಗಿರಲಿ; ಒಂದೇ ಸರಳಾದರೆ ಕಾಲು ತಿರುಚಿಕೊಳ್ಳುತ್ತದೆ. ಎರಡು, ಕಚ್ಚುಗಳಿಗೆ ಚಪ್ಪಟೆ ತುದಿ, ತೂತುಗಳಿಗೆ ಮೊನಚು ತುದಿ, ಎರಡೂ ಇರಲಿ. ಮೂರು, ತುದಿಗಳು ಹದವಾದ ಉಕ್ಕಿನವಾಗಿರಲಿ; ಮೆತ್ತನೆಯ ಕಬ್ಬಿಣ ಮೊದಲ ದಿನವೇ ಬಾಗುತ್ತದೆ. ನಾಲ್ಕು, ಬಿಗಿಯುವ ತಿರುಪು ಕೈಯಲ್ಲಿ ಬಿಗಿದದ್ದು ಹಾಗೆಯೇ ನಿಲ್ಲಬೇಕು. ಅಂಗಡಿಯಲ್ಲಿಯೇ ಬಿಗಿದು, ಎರಡು ಕಾಲುಗಳನ್ನೂ ಅಗಲಿಸಲು ಎಳೆದು ನೋಡಿರಿ. ಸರಿದರೆ ಬೇಡವೆನ್ನಿರಿ.

ಕೆಲಸ ಮಾಡುವಾಗ ಗಾಜಿನ ಮೇಲೆ ಅದರ ಅಳತೆಗೆ ಕತ್ತರಿಸಿದ ದಪ್ಪ ಕಾಗದದ ಬಿಲ್ಲೆ ಇಟ್ಟುಕೊಂಡರೆ, ತುದಿ ಜಾರಿದರೂ ಕಾಗದಕ್ಕೇ ಗಾಯ.

ರಬ್ಬರಿನ ಬಿರಡೆ

ಕೆಲವು ಲೆನ್ಸುಗಳ ಮುಂದೆ, ಹೆಸರೂ ಅಳತೆಯೂ ಬರೆದ ಬಳೆಯಲ್ಲಿ ಕಚ್ಚೂ ಇರುವುದಿಲ್ಲ, ತೂತೂ ಇರುವುದಿಲ್ಲ. ಇದನ್ನು ಉಜ್ಜುವಿಕೆಯ ಬಲದಿಂದಲೇ ತಿರುಗಿಸಬೇಕು. ಇದಕ್ಕೆಂದೇ ನಡುವೆ ಗುಳಿಯಿರುವ ರಬ್ಬರ್ ಬಿರಡೆಗಳ ಗೊಂಚಲು ಮಾರಾಟಕ್ಕೆ ಸಿಕ್ಕುತ್ತದೆ. ಅದಿಲ್ಲದಿದ್ದರೂ ಚಿಂತೆಯಿಲ್ಲ. ಶಾಲೆಯ ಪ್ರಯೋಗಶಾಲೆಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕುವ ದಪ್ಪ ರಬ್ಬರ್ ಬಿರಡೆಯನ್ನು ಬಳೆಯ ಅಳತೆಗೆ ಆರಿಸಿ, ಗಾಜಿಗೆ ತಾಗದಂತೆ ನಡುವನ್ನು ಕೊರೆದುಕೊಂಡರಾಯಿತು. ಸರಿಯಾದ ಅಗಲದ ಡಬ್ಬಿಯ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೂ ಕೆಲಸ ನಡೆಯುತ್ತದೆ.

ಬಳೆಯನ್ನೂ ರಬ್ಬರನ್ನೂ ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಬೇಕು. ಬೆರಳಿನ ಜಿಡ್ಡಿದ್ದರೆ ಹಿಡಿತ ಸಿಕ್ಕದು. ಇಡೀ ಪೆಟ್ಟಿಗೆಯಲ್ಲಿ ಅಗ್ಗವಾದದ್ದೂ ಅಪಾಯ ಕಡಿಮೆಯಾದದ್ದೂ ಈ ರಬ್ಬರೇ. ಆದುದರಿಂದ ಮೊದಲು ರಬ್ಬರು, ಅದರಿಂದಾಗದಿದ್ದರೆ ಸ್ಪ್ಯಾನರು ಎಂಬ ಕ್ರಮ ಒಳ್ಳೆಯದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರು ಹೇಳಿದ್ದು ಸುಮ್ಮನೆಯಲ್ಲ.

ಚಿಲ್ಲರೆ ಸಾಮಾನು

ಒಂದು ಚಿಮಟ ಬೇಕು. ಅಯಸ್ಕಾಂತಕ್ಕೆ ಅಂಟುವ ಉಕ್ಕಿನದಕ್ಕಿಂತ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಲೇಸು. ಒಳಗಿನ ರೆಪ್ಪೆಗಳಂತಹ ಎಲೆಗಳು, ಎಂದರೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳು, ಕಾಗದದಷ್ಟು ತೆಳು. ಉಕ್ಕಿನ ಚಿಮಟದಲ್ಲಿ ಒತ್ತಿ ಹಿಡಿದರೆ ಮಡಿಚಿಕೊಳ್ಳುತ್ತವೆ. ಗಾಜನ್ನು ಎತ್ತಲು ರಬ್ಬರಿನ ಹೀರುಬಟ್ಟಲು, ದೂಳು ಹಾರಿಸಲು ರಬ್ಬರಿನ ಗಾಳಿಬುರುಡೆ. ಬಾಯಿಂದ ಊದಕೂಡದು, ಎಂಜಲಿನ ಹನಿ ಬೂಷ್ಟಿಗೆ ಊಟವಿಟ್ಟಂತೆ. ಪಂಚೆಯ ಚುಂಗಿನಿಂದ ಗಾಜು ಒರೆಸುವ ಹಳೆಯ ಅಭ್ಯಾಸವನ್ನೂ ಬಿಡಬೇಕು. ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣವೊಂದೇ ಸಾಕು. ಭೂತಗನ್ನಡಿ ಗಡಿಯಾರದವರದ್ದೇ ಆಗಬಹುದು.

ಬಿಚ್ಚಿದ ಸ್ಕ್ರೂಗಳನ್ನು ಕ್ರಮವಾಗಿಡಲು ಫ್ರಿಜ್ಜಿನ ಐಸ್ ತಟ್ಟೆ ಬಹಳ ಅನುಕೂಲ. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ. ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬರುವುದು. ಇಡ್ಲಿ ತಟ್ಟೆಯನ್ನು ಯಾರೂ ಕೊಡಬೇಡಿರಿ. ಅದರ ತೂತಿನಲ್ಲಿ ಜೆನಿಟ್ಟಿನ ಸ್ಕ್ರೂ ನುಸುಳಿಹೋಗುತ್ತದೆ. ಮೇಜಿನ ಮೇಲೆ ತಿಳಿಬಣ್ಣದ ದಪ್ಪ ಟವಲು ಹಾಸಿದರೆ ಬಿದ್ದದ್ದು ಉರುಳದು. ಜೇಬಿನಲ್ಲಿರುವ ಫೋನೂ ಇಲ್ಲಿ ಒಂದು ಸಲಕರಣೆಯೇ: ಒಂದೊಂದು ಭಾಗ ಬಿಚ್ಚುವ ಮುನ್ನವೂ ಒಂದೊಂದು ಚಿತ್ರ ತೆಗೆದಿಟ್ಟುಕೊಂಡರೆ ಮರೆವಿನ ಭಯವಿಲ್ಲ. ಗಾಜಿನ ಅಂಚಿನಲ್ಲಿ ಪೆನ್ಸಿಲಿನಿಂದ ಮುಂದಿನ ದಿಕ್ಕಿಗೆ ಬಾಣದ ಗುರುತು ಹಾಕಿಟ್ಟುಕೊಳ್ಳಿರಿ. ತಿರುಗಿಸಿ ಕೂಡಿಸಿದ ಗಾಜು ಕೂಡಿದಂತೆಯೇ ಕಂಡರೂ ಚಿತ್ರ ಮಾತ್ರ ಮಂಜಾಗುತ್ತದೆ.

ಎಲ್ಲಿ ಕೊಳ್ಳುವುದು

ಮೌಂಟ್ ರೋಡಿನ ಒಳಗಿನ ರಿಚ್ಚಿ ಸ್ಟ್ರೀಟಿಗೆ ಹೋದರೆ ಫೋನ್ ರಿಪೇರಿಯ ಸಲಕರಣೆಗಳು ರಾಶಿ ರಾಶಿಯಾಗಿ ಸಿಕ್ಕುತ್ತವೆ. ಚಿಮಟ, ಗಾಳಿಬುರುಡೆ, ಹೀರುಬಟ್ಟಲುಗಳಿಗೆ ಅಲ್ಲಿಗೆ ಹೋಗಬಹುದು. ಆದರೆ ಅಲ್ಲಿ ನೂರು ತುದಿಗಳಿರುವ ಪೆಟ್ಟಿಗೆಯನ್ನು ಕಂಡು ಮರುಳಾಗಬಾರದು. ಅದರಲ್ಲಿ ಹೆಚ್ಚಿನವು ಫೋನಿನ ಸ್ಕ್ರೂಗಳಿಗೆ ಮಾಡಿದ್ದು. ಸ್ಟಾರ್ ತುದಿಗಳು ಸಾಧಾರಣವಾಗಿ ಫಿಲಿಪ್ಸ್ ಜಾತಿಯವು. ತುದಿಯ ಉಕ್ಕೂ ಮೆತ್ತಗೆ. ಬರ್ಮಾದಿಂದ ಮರಳಿ ಬಂದವರಿಗಾಗಿ 1969ರಲ್ಲಿ ಶುರುವಾದ ಬೀಚ್ ಸ್ಟೇಷನ್ನಿನ ಎದುರಿನ ಬರ್ಮಾ ಬಜಾರಿನಲ್ಲಿ ಕೆಟ್ಟುಹೋದ ಕ್ಯಾಮರಾ ಸಿಕ್ಕಿದರೆ, ಅಭ್ಯಾಸಕ್ಕೆಂದು ಕೊಳ್ಳುವುದುಂಟು. ಜೆ.ಐ.ಎಸ್. ಡ್ರೈವರೂ ಸ್ಪ್ಯಾನರೂ ಮಾತ್ರ ಹೆಚ್ಚಾಗಿ ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಡಬ್ಬಿಯ ಮೇಲೆ ಜೆ.ಐ.ಎಸ್. ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ನೋಡಿ ತರಿಸಿರಿ.

ಒಟ್ಟು ಲೆಕ್ಕ ಹೀಗಾಗುತ್ತದೆ: ಸ್ಟಾರ್ ಡ್ರೈವರು ಮೂರು, ಒಂಟಿ ಗೀರಿನದು ನಾಲ್ಕೈದು, ಸ್ಪ್ಯಾನರು ಒಂದು, ರಬ್ಬರ್ ಬಿರಡೆ ಮೂರು ನಾಲ್ಕು, ಚಿಮಟ, ಹೀರುಬಟ್ಟಲು, ಗಾಳಿಬುರುಡೆ, ಭೂತಗನ್ನಡಿ. ಒಂದು ಬಿಸ್ಕತ್ತಿನ ಡಬ್ಬಿ ಹಿಡಿಸುವಷ್ಟು. ಹಣ ಹೆಚ್ಚು ಹಾಕಬೇಕಾದ್ದು ಡ್ರೈವರಿಗೂ ಸ್ಪ್ಯಾನರಿಗೂ. ಮಿಕ್ಕದ್ದು ಅಗ್ಗದ್ದಾದರೂ ನಡೆಯುತ್ತದೆ.

ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಡಬೇಕು

ಕಲಿಯುವವರಿಗೆ ರಷ್ಯದ ಜೆನಿಟ್ಟಿನೊಡನೆ ಬರುತ್ತಿದ್ದ ಹೀಲಿಯೋಸ್ 44 ಒಳ್ಳೆಯ ಗುರು. 58 ಮಿಲಿಮೀಟರಿನ ಈ ಲೆನ್ಸನ್ನು ಜರ್ಮನಿಯ ಬಯೋಟಾರ್ ಲೆನ್ಸನ್ನು ನೋಡಿ ಮಾಡಿದರು. ಬಹಳ ಸಂಖ್ಯೆಯಲ್ಲಿ ತಯಾರಾದುದರಿಂದ ಕೆಟ್ಟರೂ ಇನ್ನೊಂದು ಸಿಕ್ಕುತ್ತದೆ. ಒಳಗೆ ವಿದ್ಯುತ್ತಿನ ತಂತಿಗಳಿಲ್ಲ. ಅಪ್ಪನ ಕ್ಯಾಮರಾ ಮುಟ್ಟುವ ಮುನ್ನ ಇಂತಹದೊಂದನ್ನು ಮೂರು ಸಲ ಬಿಚ್ಚಿ ಕೂಡಿಸುವುದು ಒಳ್ಳೆಯದು.

ಫೋಕಸ್ಸಿನ ಉರುಳೆಯನ್ನು ಬಿಚ್ಚುವಾಗ ಹೆಚ್ಚಿನ ಎಚ್ಚರಿಕೆ ಬೇಕು. ಅದರಲ್ಲಿ ಒಂದರೊಡನೊಂದು ಹೊಂದಿಕೊಂಡ ತಿರುಪಿನ ಸುತ್ತುಗಳು ಹಲವಿರುತ್ತವೆ. ಬಿಡಿಸಿದ ಜಾಗದಲ್ಲೇ ಮತ್ತೆ ಕೂಡಿಸದಿದ್ದರೆ ಫೋಕಸ್ಸು ಎಂದಿಗೂ ಸರಿಹೋಗದು. ಎರಡು ಭಾಗಗಳು ಬೇರ್ಪಡುವ ಕ್ಷಣದಲ್ಲೇ ಎರಡರ ಮೇಲೂ ಗೀಟು ಹಾಕಿಕೊಳ್ಳಬೇಕು. ಬೂಷ್ಟು ಮುಂದಿನ ಗಾಜಿನ ಹಿಂದೆ ಮಾತ್ರ ಇದ್ದರೆ ಉರುಳೆಯ ತಂಟೆಗೇ ಹೋಗಬೇಡಿರಿ.

ಆಟೋಫೋಕಸ್ ಲೆನ್ಸುಗಳಲ್ಲಿ ಕಾಗದದಂತಹ ತಂತಿಪಟ್ಟಿಗಳಿರುವುದರಿಂದ ಅವನ್ನು ಬಲ್ಲವರಿಗೇ ಬಿಡುವುದು ಲೇಸು. ಅಂಟಿಸಿದ ಎರಡು ಗಾಜುಗಳ ನಡುವೆ ಬೂಷ್ಟು ಹಿಡಿದಿದ್ದರೆ ಅದು ಮನೆಯ ಕೆಲಸವಲ್ಲ. ಒಳಗೆ ಫ್ಲಾಷ್ ಇರುವ ಪುಟ್ಟ ಕ್ಯಾಮರಾಗಳನ್ನಂತೂ ಮಕ್ಕಳು ಬಿಚ್ಚಲೇಕೂಡದು. ಸೆಲ್ಲು ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟಿನಷ್ಟು ವಿದ್ಯುತ್ತು ಅಡಗಿದ್ದು, ಮುಟ್ಟಿದವರನ್ನು ಎಸೆಯುವಷ್ಟು ಬಲವಾಗಿ ಹೊಡೆಯುತ್ತದೆ. ಎಣ್ಣೆ ತೊಳೆಯಲು ಬಳಸುವ ಲೈಟರ್ ಪೆಟ್ರೋಲು ಥಟ್ಟನೆ ಹೊತ್ತಿಕೊಳ್ಳುವಂತಹದು. ಗ್ಯಾಸ್ ಒಲೆಯ ಬಳಿ, ದೇವರ ದೀಪದ ಬಳಿ ಅದನ್ನು ತೆರೆಯಬೇಡಿರಿ.

ಬಿಚ್ಚುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಚರ್ಮದ ಚೀಲ ಅಂದಕ್ಕೆ ಒಳ್ಳೆಯದು, ಲೆನ್ಸಿಗಲ್ಲ. ತೇವವನ್ನು ಹೀರಿ ಬೂಷ್ಟನ್ನು ಸಾಕುತ್ತದೆ. ಗಾಳಿ ಹೋಗದ ಸ್ಟೀಲು ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ತೇವವನ್ನು ಶೇಕಡಾ 40ರಿಂದ 50ರೊಳಗೆ ನಿಲ್ಲಿಸಬೇಕು. ತೇವ ಅಳೆಯುವ ಪುಟ್ಟ ಮೀಟರು ರಿಚ್ಚಿ ಸ್ಟ್ರೀಟಿನಂತಹ ಕಡೆ ಸಿಕ್ಕೀತು. ಅಕ್ಕಿ ಡಬ್ಬಿಯಲ್ಲಿ ಹೂಳಿಡುವವರುಂಟು. ಅಕ್ಕಿಯ ಹಿಟ್ಟು ಸುತ್ತುಗಳೊಳಗೆ ಸೇರುವುದಷ್ಟೇ ಫಲ. ತಿಂಗಳಿಗೊಮ್ಮೆ ಹೊರತೆಗೆದು ನಾಲ್ಕು ಚಿತ್ರ ತೆಗೆದರೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ.

ಈ ಕೆಲಸ ಗಂಡಸರದು, ಎಂಜಿನಿಯರರದು ಎಂಬ ಭಾವನೆ ಬೇಡ. ಮಲ್ಲಿಗೆ ಕಟ್ಟುವ, ಕಸೂತಿ ಹಾಕುವ ಬೆರಳುಗಳಿಗೆ ಇರುವ ಹದ ಇದಕ್ಕೆ ಬಹಳ ಬೇಕಾದದ್ದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಮರೆಯದಿದ್ದರೆ ಯಾರಾದರೂ ಕಲಿಯಬಹುದು. ಪ್ರತಿ ಮನೆಯಲ್ಲೂ ಒಂದು ಸ್ಪ್ಯಾನರು ಇರಬೇಕಾಗಿಲ್ಲ. ನಾಲ್ಕು ಕುಟುಂಬಗಳು ಸೇರಿ ಒಂದು ಡಬ್ಬಿ ಕೂಡಿಸಿಟ್ಟರೆ ಸಾಕು. ಬೇಸಗೆ ರಜದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆ ಡಬ್ಬಿ ತೆರೆಯಿರಿ. ಮುಂದಿನ ಮಳೆಗಾಲ ಬರುವ ಮುನ್ನ ಅಟ್ಟದ ಟ್ರಂಕನ್ನೂ ಒಮ್ಮೆ ಇಳಿಸಿ, ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿರಿ. ಬೂಷ್ಟು ಇನ್ನೂ ಅಂಚಿನಲ್ಲಿದ್ದರೆ, ನೀವು ಸಮಯಕ್ಕೆ ಸರಿಯಾಗಿ ಬಂದಿದ್ದೀರಿ.